ಸೆಲ್ ಸಿಗ್ನಲ್ ಸಂದರ್ಶನಕ್ಕೆ ಮೊಬೈಲ್ ಹಿಡಿದು ಬರುವ ಬಗ್ಗೆ

ಸಂಖ್ಯೆ: ಸೆಸಿಔ/ಗೇಟು/ಸಾಲು/2016-17
ಹೆಬ್ಬಾಳ, ದಿನಾಂಕ: 22-08-2016

ಸುತ್ತೋಲೆ

ವಿಷಯ: ಜೀವಕೋಶದ (ಸೆಲ್) ಗ್ರಾಹಕಗಳ ಸಂಕೇತ (ಸಿಗ್ನಲ್) ಹಾಗೂ ಔಷಧಶಾಸ್ತ್ರದಲ್ಲಿ ಪಿಎಚ್.ಡಿ. ನಂತರದ ಸಂಶೋಧನಾ ಹುದ್ದೆಯ ಸಂದರ್ಶನದಂದು ಸಂಸ್ಥೆಯ ಗೇಟಿನಲ್ಲಿ ನಡೆದ ಘಟನೆ.

ಉಲ್ಲೇಖ: ಗೇಟಿನ ಫಲಕ (ಈಗ ತೆಗೆಯಲಾಗಿದೆ).

1. ಜಾಗ ಸಾಲದ ಕಾರಣ ಫಲಕದಲ್ಲಿ ಮೇಲ್ಕಂಡ ವಿಷಯವನ್ನು "ಸೆಲ್ ಸಿಗ್ನಲ್, ಔಷಧ: ಒಳಗೆ ವಿಚಾರಿಸಿ" ಎಂದು ಸಂಕ್ಷೇಪಿಸಲಾಗಿತ್ತು. ತತ್ಪರಿಣಾಮವಾಗಿ ಕೆಂಪಾಪುರದ ನಾಗರಿಕರು ಸಿಗ್ನಲ್ ಸಿಗದ ಮೊಬೈಲುಗಳೊಂದಿಗೆ ಸಾಲುಗಟ್ಟಿದ್ದು ಕಂಡುಬಂದಿದೆ.

2. ಹುದ್ದೆಯ ಏಕೈಕ ಅಭ್ಯರ್ಥಿ, ಕಲಬುರಗಿಯ ಡಾ. ಕೀರ್ತಿ ಅವರು "ನಾ ಇಂಟರ್‌ವ್ಯೂಕ್ಕ ಬಂದೀನ್ರಿ" ಎಂದು ನಿವೇದಿಸಿಕೊಂಡರೂ, ಸೆಕ್ಯುರಿಟಿ ಮುನೇಶ್ ಅವರು "ಎಲ್ರೂ ಅದೇ ಹೇಳ್ತಾರೆ ಮೇಡಂ, ಕೈಯಲ್ಲಿ ಸೆಲ್ ಐತಲ್ಲ, ಲೈನಲ್ಲಿ ಬನ್ನಿ" ಎಂದು ಕ್ರಮ ಜರುಗಿಸಿರುತ್ತಾರೆ. ಈ ಹುದ್ದೆ ತಪ್ಪಿದರೆ ಸದರಿಯವರು ಸಂಶೋಧನೆ ಬಿಟ್ಟು ಊರಿಗೆ ಮರಳುವವರಿದ್ದರು. ಕಣ್ಣೊರೆಸಿಕೊಂಡಿದ್ದು ಸಿಸಿಟಿವಿಯಲ್ಲಿ ದೃಢಪಟ್ಟಿದೆ.

3. ಫಲಕದಲ್ಲಿ "ಔಷಧ" ಎಂದಿದ್ದುದನ್ನು ನೋಡಿ ಬಂದು ಸಾಲಿನಲ್ಲಿ ಅವರ ಮುಂದಿದ್ದ ಗೋಪಾಲಮ್ಮ ಎಂಬ ಹಿರಿಯರು ಏದುಸಿರು ಬಿಡುತ್ತಾ, "ಈ ಬಿಪಿ ಗುಳಿಗೆ ಸುರು ಮಾಡ್ದಾಗಿಂದ ಉಸ್ರು ಇಡ್ಕತದೆ ಕಣಮ್ಮ" ಎಂದು ಮಾತ್ರೆ ತೋರಿಸಿರುತ್ತಾರೆ. ಸಂದರ್ಶನದ ವೇಳೆ ಮೀರುತ್ತಿದ್ದರೂ ಡಾ. ಕೀರ್ತಿ ಅದನ್ನು ಪರಿಶೀಲಿಸಿ, "ಇದು ಹೃದಯದ ಬಾಗಲಕ್ಕ ಕೀಲಿ ಹಾಕೋ ಗುಳಿಗಿರಿ ಅಮ್ಮಾ. ಕೆಲವರಿಗೆ ಶ್ವಾಸಕೋಶದ ಬಾಗಲಕ್ಕೂ ಹಾಕಿಬಿಡ್ತದ. ನೀವಾಗೇ ಬಿಡಬ್ಯಾಡ್ರಿ, ಈಗಲೇ ನಿಮ್ಮ ಡಾಕ್ಟರಿಗೆ ತೋರಸ್ರಿ" ಎಂದು ವಿವರಿಸಿ, ಆಟೋ ಹತ್ತಿಸಿ ಕಳುಹಿಸಿರುತ್ತಾರೆ. ವೈದ್ಯರು ಮಾತ್ರೆ ಬದಲಿಸಿದ್ದು, ಗೋಪಾಲಮ್ಮನವರು ಸರಾಗವಾಗಿ ಉಸಿರಾಡುತ್ತಿರುವುದನ್ನು ಈ ಮೂಲಕ ದಾಖಲಿಸಲಾಗಿದೆ.

4. ಅಷ್ಟರಲ್ಲಿ ಅಭ್ಯರ್ಥಿಯನ್ನು "ಗೈರು" ಎಂದು ನಮೂದಿಸಿ ಗೇಟಿನ ಬಳಿ ಕಾಫಿಗೆ ಇಳಿದಿದ್ದ ಆಯ್ಕೆ ಸಮಿತಿಯ ಅಧ್ಯಕ್ಷ ಡಾ. ಯೋಗಾನಂದ ಅವರು ಗ್ರಾಹಕಗಳ ಕುರಿತ ಈ ಬಾಗಿಲು-ಕೀಲಿಯ ಪಾಠವನ್ನು ಪೂರ್ತಿ ಕೇಳಿರುತ್ತಾರೆ. ಮುಂದೆ ಬರಲು ಯತ್ನಿಸಿದಾಗ ಅವರನ್ನೂ ಸಾಲಿನ ಕೊನೆಗೆ ಕಳುಹಿಸಲಾಗಿದೆ.

5. ಅಲ್ಲಿಂದಲೇ ಅಧ್ಯಕ್ಷರು "ಇಂಟರ್‌ವ್ಯೂ ಮುಗೀತಮ್ಮ, ಸೋಮವಾರ ಬಂದು ಸೇರ್ಕೊಳ್ಳಿ" ಎಂದು ಕೂಗಿ ಹೇಳಿದ್ದನ್ನು ಸಮಿತಿಯ ನಡಾವಳಿಯೆಂದು ಪರಿಗಣಿಸಲಾಗಿದೆ. ಸಾರ್ವಜನಿಕರು ಚಪ್ಪಾಳೆ ತಟ್ಟಿದ್ದನ್ನು ಅನುಮೋದನೆ ಎಂದು ಪರಿಗಣಿಸಲಾಗಿಲ್ಲ.

6. ಇನ್ನು ಮುಂದೆ ಅಭ್ಯರ್ಥಿಗಳು ಮೊಬೈಲನ್ನು ಅಭ್ಯರ್ಥಿಗಳಂತೆಯೇ ಹಿಡಿಯತಕ್ಕದ್ದು. ದೂರುದಾರರಂತೆ ಮೇಲೆತ್ತಿ ಅಲ್ಲಾಡಿಸತಕ್ಕದ್ದಲ್ಲ.

7. ಮೈಯಲ್ಲಿರುವ ಸೆಲ್ಲುಗಳನ್ನು ಗೇಟಿನಲ್ಲಿ ಜಮಾ ಮಾಡುವಂತೆ ಸಿಬ್ಬಂದಿ ಒತ್ತಾಯಿಸತಕ್ಕದ್ದಲ್ಲ.

8. ಅಧ್ಯಕ್ಷರು ಅಧ್ಯಕ್ಷರೆಂದು ಗುರುತು ಸಿಗುವ ಮುಖಭಾವದಲ್ಲಿ ಓಡಾಡತಕ್ಕದ್ದು. ಕಾಫಿ ಕುಡಿಯುವಾಗ ವಿನಾಯಿತಿ ಇರುತ್ತದೆ.

ಸಹಿ/-
ಆಡಳಿತಾಧಿಕಾರಿ (ಪ್ರಭಾರ)

ಪ್ರತಿಗಳು:
ಡಾ. ಯೋಗಾನಂದ ಅವರಿಗೆ, ಕ್ರಮ ಸಂಖ್ಯೆ 8ರ ಅಭ್ಯಾಸಕ್ಕಾಗಿ.
ಶ್ರೀ ಮುನೇಶ್ ಅವರಿಗೆ, ಎಚ್ಚರಿಕೆ ಮತ್ತು ಪ್ರಶಂಸೆ ಎರಡಕ್ಕೂ ಇದೇ ಪ್ರತಿ.
ಶ್ರೀಮತಿ ಗೋಪಾಲಮ್ಮ ಅವರಿಗೆ, ಖುದ್ದಾಗಿ ಓದಿ ಹೇಳಲು.
ಡಾ. ಕೀರ್ತಿ ಅವರಿಗೆ: ಅಭಿನಂದನೆ ಸಲ್ಲಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ, ಸಲ್ಲಿಸಲಾಗಿದೆ.