ಕಡ್ಡಿ ಬಿಟ್ಟುಹೋದ ಪೈಲ್ವಾನ

ಇಷ್ಟಕ್ಕೆಲ್ಲ ಕಾರಣ ಕುಕ್ಕರಿನ ಒಂದು ಸೀಟಿ.

ಏಜೆನ್ಸಿಯಿಂದ ಫೋನು ಬಂದಾಗ ನಮ್ಮ ಕಥಾನಾಯಕ ಬಚ್ಚಲಲ್ಲಿದ್ದ. ಫೋನು ಎತ್ತಿಕೊಂಡದ್ದು ಅವನ ಬಾಮೈದ. ಗೋದಾಮುಗಳಿಗೆ ಆಳು ಕಳಿಸುವ ಆ ಏಜೆನ್ಸಿಯವನು ಎರಡು ಕಿವಿಗೆ ಎರಡು ಫೋನು ಹಿಡಿದುಕೊಂಡೇ ಹುಟ್ಟಿದವನ ಹಾಗೆ ಅವಸರದಲ್ಲಿದ್ದ.

"ನಿಮ್ಮ ಭಾವನ ಅರ್ಜಿ ನೋಡ್ತಾ ಇದೀನಿ. ಆಸಾಮಿ ಹೇಗೆ, ಗಟ್ಟಿನಾ?"

ಬಾಮೈದನಿಗೆ ಭಾವನನ್ನು ಗೇಲಿ ಮಾಡುವುದೆಂದರೆ ಊಟಕ್ಕಿಂತ ಇಷ್ಟ. "ನಮ್ಮ ಬೀದೀಲಿ ಎಲ್ಲರೂ ಅವರನ್ನ ಕಡ್ಡಿ ಪೈಲ್ವಾನ ಅಂತಲೇ ಕರೆಯೋದು," ಎಂದ. ಅವನು 'ಕಡ್ಡಿ' ಎನ್ನುವುದಕ್ಕೂ ಅಡುಗೆಮನೆಯ ಕುಕ್ಕರು ಕೂಗುವುದಕ್ಕೂ ಸರಿಹೋಯಿತು. ಸೀಟಿ ನಿಂತಾಗ ಉಳಿದದ್ದು ಬರೀ ಪೈಲ್ವಾನ. ಏಜೆನ್ಸಿಯವನು ಅದನ್ನೇ ಅರ್ಜಿಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಂಡ.

ಕಥಾನಾಯಕನ ತೂಕ ನಲವತ್ತಾರು ಕಿಲೋ, ಅದೂ ಚಪ್ಪಲಿ ಸೇರಿ. ಜೋರು ಗಾಳಿಯ ದಿನ ಹೆಂಡತಿ ಅವನ ಕೈಗೆ ಛತ್ರಿ ಕೊಡುತ್ತಿರಲಿಲ್ಲ. ಎಲ್ಲಿಗೆ ಹೋಗಿ ಇಳಿಯುತ್ತಾನೋ ಎಂಬ ಭಯ. ಅವನು ಅರ್ಜಿಯಲ್ಲಿ ಕೇಳಿದ್ದು ಪೆಟ್ಟಿಗೆಗಳ ಮೇಲೆ ಚೀಟಿ ಅಂಟಿಸುವ ಕೆಲಸ. ಅಂಟಿಸುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ. ಒಂದು ಸುಕ್ಕು ಬೀಳದ ಹಾಗೆ, ಒಂದು ಗುಳ್ಳೆ ಏಳದ ಹಾಗೆ ಅಂಟಿಸುತ್ತಿದ್ದ. ಪಾಪ, ಆ ವಿದ್ಯೆಗೆ ಯಾರೂ ಬೆಲೆ ಕೊಟ್ಟಿರಲಿಲ್ಲ. ವರ್ಷದಲ್ಲಿ ಎಂಟು ಕೆಲಸ ಹಿಡಿದು, ಎಂಟನ್ನೂ ಮಧ್ಯಾಹ್ನದೊಳಗೆ ಬಿಟ್ಟು ಮನೆಗೆ ಬಂದಿದ್ದ.

ಒಂಬತ್ತನೆಯದಕ್ಕೆ ಹೊರಟಾಗ ಹೆಂಡತಿ ಕಡ್ಡಿ ಮುರಿದಂತೆ ಹೇಳಿದಳು. "ಇವತ್ತು ಸಂಜೆ ಸೈರನ್ ಆಗೋವರೆಗೂ ಅಲ್ಲೇ ಇರಬೇಕು. ಅದಕ್ಕೆ ಮುಂಚೆ ಏನಾದ್ರೂ ಬಂದ್ರೆ ಸೀದಾ ನನ್ನ ತಮ್ಮನ ಜಿಮ್ಮಿಗೆ ಹೋಗಿ ಫೋಟೋ ಕೊಡಿ. ಎಂಟು ಸಲ ನಿಮ್ಮ ಮಾತು ಕೇಳಿದೀನಿ. ಈ ಸಲ ಅವನ ಮಾತು ಕೇಳ್ತೀನಿ."

ಬಾಮೈದ ಬೀದಿಯ ತಿರುವಿನಲ್ಲಿ ಜಿಮ್ ಇಟ್ಟಿದ್ದ. ಅದರ ಬಾಗಿಲಲ್ಲಿ ಎರಡು ದೊಡ್ಡ ಚೌಕಟ್ಟು. ಬಲಗಡೆಯದರ ಕೆಳಗೆ 'ಆಮೇಲೆ' ಎಂದು ಬರೆದಿತ್ತು. ಅದರಲ್ಲಿ ಬಾಮೈದನೇ ಅಂಗಿ ಬಿಚ್ಚಿ, ಎಣ್ಣೆ ಹಚ್ಚಿಕೊಂಡು, ಉಸಿರು ಬಿಗಿಹಿಡಿದು ನಿಂತಿದ್ದ. ಎಡಗಡೆಯದರ ಕೆಳಗೆ 'ಮೊದಲು' ಎಂದಿತ್ತು, ಅದು ಖಾಲಿ. ಆ ಖಾಲಿ ಜಾಗಕ್ಕೆ ಭಾವನ ಎದೆಗೂಡೇ ಬೇಕೆಂದು ಅವನು ಎರಡು ವರ್ಷದಿಂದ ಗಂಟು ಬಿದ್ದಿದ್ದ. ಪ್ರಾಣ ಹೋದರೂ ಅಂಗಿ ಬಿಚ್ಚುವುದಿಲ್ಲ ಎಂದು ಭಾವನೂ ಪಟ್ಟು ಹಿಡಿದಿದ್ದ. ಮನುಷ್ಯನಿಗೆ ಮಾಂಸ ಇಲ್ಲದಿದ್ದರೂ ಮಾನ ಇರುತ್ತದೆ.

ಗೋದಾಮಿನ ಬಾಗಿಲಲ್ಲಿ ಮೇಸ್ತ್ರಿ ಅರ್ಜಿ ಹಿಡಿದುಕೊಂಡು ಕಾಯುತ್ತಿದ್ದ. ಬಂದವನನ್ನು ನೋಡಿ, ಅವನ ಬೆನ್ನ ಹಿಂದೆ ಇಣುಕಿದ.

"ಪೈಲ್ವಾನ್ರು ಎಲ್ಲಿ?"

"ಯಾವ ಪೈಲ್ವಾನ್ರು?"

"ಏಜೆನ್ಸಿಯೋರು ಕಳಿಸಿದೋರು. ನೀನು ಅವರ ಚೀಲ ಹಿಡಿಯೋನಾ?"

ಕಥಾನಾಯಕ ಅರ್ಜಿಯ ಮೇಲೆ ಕಣ್ಣಾಡಿಸಿದ. ಹೆಸರು ತನ್ನದೇ, ಮೇಲಿನ ದಪ್ಪಕ್ಷರ ಮಾತ್ರ ತನ್ನದಲ್ಲ. ಬಾಮೈದನ ಕೈವಾಡ ಎಂದು ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಿಜ ಹೇಳಿದರೆ ಈಗಲೇ ವಾಪಸು, ವಾಪಸಾದರೆ ಚೌಕಟ್ಟು. ಅವನು ಎದೆ ಉಬ್ಬಿಸಿದ. ಅಂಗಿಯ ಒಂದು ಗುಂಡಿಯೂ ಅಲುಗಲಿಲ್ಲ.

"ನಾನೇ," ಎಂದ.

ಒಳಗೆ ಆರು ಜನ ಹಮಾಲಿಗಳು ಕೈಕಟ್ಟಿ ನಿಂತಿದ್ದರು. ಅವರ ನಡುವೆ ಹೊಲಿಗೆ ಯಂತ್ರಗಳ ಒಂದು ಮರದ ಪೆಟ್ಟಿಗೆ. ಮೂರು ತಿಂಗಳಿಂದ ಒಬ್ಬೊಬ್ಬರಾಗಿ ಎತ್ತಲು ನೋಡಿ, ಅದನ್ನು ಯಾರಿಗೂ ಜರುಗಿಸಲು ಆಗಿರಲಿಲ್ಲ. ಪೈಲ್ವಾನ ಬರುತ್ತಾನೆಂದು ಬೆಳಿಗ್ಗೆಯೇ ಅದರ ಧೂಳು ಒರೆಸಿ ಇಟ್ಟಿದ್ದರು.

"ಮೈಯಲ್ಲಿ ಏನೂ ಇಲ್ವಲ್ಲೋ," ಎಂದು ಒಬ್ಬ ಪಿಸುಗುಟ್ಟಿದ.

ಎಲ್ಲರಿಗಿಂತ ಹಿರಿಯನನ್ನು ಅಲ್ಲಿ ತಾತ ಎನ್ನುತ್ತಿದ್ದರು. ಗೊತ್ತಿಲ್ಲದ ವಿಷಯವೇ ಇಲ್ಲ ಎಂಬಂತೆ ಮಾತಾಡುವುದು ಅವನ ಸ್ವಭಾವ. "ಅದೇ ಕಣ್ರೋ ವಿದ್ಯೆ. ದಪ್ಪಗಿರೋರು ಮೈಯಿಂದ ಎತ್ತುತಾರೆ. ಇಂಥೋರು ಉಸಿರಿಂದ ಎತ್ತುತಾರೆ. ಸುಮ್ನೆ ನೋಡ್ತಾ ಇರಿ," ಎಂದ.

ಸುಮ್ಮನೆ ನೋಡುವವರ ಮುಂದೆ ಏನಾದರೂ ಮಾಡಲೇಬೇಕಲ್ಲ. ಕಥಾನಾಯಕ ತೊಡೆ ತಟ್ಟಿದ. ಅಂಗೈಗೆ ತೊಡೆಯ ಮೂಳೆ ಬಡಿದು ಕಣ್ಣಲ್ಲಿ ನೀರು ತುಂಬಿತು.

"ನೋಡಿದ್ರಾ, ಆವೇಶ ಬಂತು," ಎಂದ ತಾತ.

ಕಥಾನಾಯಕ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದ. ಸಮಯ ಕಳೆಯಲೆಂದು ಇನ್ನೊಂದು ಸುತ್ತು ಬಂದ. ಮೂರನೆಯ ಸುತ್ತಿನಲ್ಲಿ, ಕಪಾಟಿನ ಮೂಲೆಯಲ್ಲಿ ಒಂದು ಚೀಟಿಯ ಸುರುಳಿ ಕಣ್ಣಿಗೆ ಬಿತ್ತು. ಪ್ರತಿ ಚೀಟಿಯ ಮೇಲೂ ಕೆಂಪು ಅಕ್ಷರ: 'ಇಬ್ಬರು ಎತ್ತತಕ್ಕದ್ದು'. ಮೇಲಿನ ಕಚೇರಿಯಿಂದ ಬಂದ ದಿನದಿಂದ ಅದನ್ನು ಯಾರೂ ಬಿಚ್ಚಿಯೇ ಇರಲಿಲ್ಲ. ಅವನಿಗೆ ಬಹಳ ದಿನದ ಮೇಲೆ ನೆಂಟರನ್ನು ಕಂಡಷ್ಟು ಸಂತೋಷವಾಯಿತು. ಒಂದು ಚೀಟಿ ಬಿಡಿಸಿ ಪೆಟ್ಟಿಗೆಯ ಮೇಲೆ ನೀಟಾಗಿ ಅಂಟಿಸಿದ. ಸುಕ್ಕಿಲ್ಲ, ಗುಳ್ಳೆಯಿಲ್ಲ.

"ಏನಯ್ಯಾ ಇದು?" ಎಂದ ಮೇಸ್ತ್ರಿ.

"ನಾನು ಒಬ್ಬನೇ ಎತ್ತುತಿದ್ದೆ. ಆದ್ರೆ ಕಂಪನಿ ಮಾತು ಮೀರೋಕಾಗಲ್ವಲ್ಲ."

ಮೇಸ್ತ್ರಿ ಗೋಡೆಯ ನಿಯಮಪಟ್ಟಿ ನೋಡಿದ. ನಿಜವೇ: 'ಚೀಟಿ ಇರುವ ಯಾವುದನ್ನೂ ಒಬ್ಬರೇ ಎತ್ತಕೂಡದು. ಅಂಟಿಸಿದ ಚೀಟಿಯನ್ನು ಕೀಳಕೂಡದು.' ಅವನ ಮುಖ ಹುಳ್ಳಗಾಯಿತು. ತಾತ ಬಂದು ಒಂದು ಕಡೆ ಹಿಡಿದ. ಪೆಟ್ಟಿಗೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕಥಾನಾಯಕ ಶಾಂತವಾಗಿ ಎರಡನೆಯ ಚೀಟಿ ಅಂಟಿಸಿದ.

"ಎರಡು ಚೀಟಿ. ನಾಲ್ಕು ಜನ," ಎಂದ.

ಮೂರು ತಿಂಗಳ ಮೇಲೆ ಪೆಟ್ಟಿಗೆ ಎದ್ದಿತು. ಎತ್ತಿದವರು ಮೂವರು. ನಾಲ್ಕನೆಯವನು ಮೂಲೆ ಹಿಡಿದು ಜೊತೆಗೆ ನೇತಾಡಿಕೊಂಡು ಹೋದ. ಆದರೂ ಹೆಸರು ಬಂದದ್ದು ಪೈಲ್ವಾನನಿಗೆ.

ಆಮೇಲೆ ಶುರುವಾಯಿತು ನೋಡಿ. ಸೊಂಟ ಹಿಡಿದುಕೊಂಡ ಒಬ್ಬ ಬಂದು, "ಪೈಲ್ವಾನ್ರೇ, ಈ ಬಣ್ಣದ ಡಬ್ಬಕ್ಕೂ ಒಂದು ಹಾಕ್ತೀರಾ?" ಎಂದ. ಹಾಕಿದ. ಇನ್ನೊಬ್ಬ ಹೆಂಚಿನ ಕಟ್ಟು ತಂದ. ಅದಕ್ಕೂ ಹಾಕಿದ. ಬೇಡ ಎನ್ನುವ ಬಾಯಿ ಅವನದಲ್ಲ. ಹನ್ನೊಂದು ಗಂಟೆಗೆ ದಿಂಬಿನ ಮೂಟೆಗೂ ಚೀಟಿ ಬಿತ್ತು. ಅದನ್ನು ಇಬ್ಬರು ಮಲಗಿದ ಕೂಸಿನ ಹಾಗೆ ಹಿಡಿದು, ಸದ್ದು ಮಾಡದೆ ಸಾಗಿಸಿದರು. ಹನ್ನೆರಡಕ್ಕೆ ಪೊರಕೆಯ ಸರದಿ. ಒಬ್ಬ ಹಿಡಿ, ಇನ್ನೊಬ್ಬ ಕಡ್ಡಿ ಹಿಡಿದು ಗುಡಿಸಿದರು. ಊಟದ ಹೊತ್ತಿಗೆ ಮೇಸ್ತ್ರಿಯ ಡಬ್ಬಿಯನ್ನೇ ಇಬ್ಬರು ಹೊತ್ತು ತಂದರು.

"ನಿಧಾನ, ನಿನ್ನ ಕಡೆ ವಾಲ್ತಾ ಇದೆ."

"ಸ್ವಲ್ಪ ಇಳಿಸಿ ದಣಿವಾರಿಸ್ಕೊಳ್ಳೋಣ."

ಮೇಸ್ತ್ರಿಯ ಸಹನೆ ಅಲ್ಲಿಗೆ ಮುಗಿಯಿತು. ಏಜೆನ್ಸಿಗೆ ಫೋನು ಮಾಡಿ ಈ ಪೈಲ್ವಾನನನ್ನು ಈ ಕ್ಷಣ ವಾಪಸು ಕಳಿಸುತ್ತೇನೆ ಎಂದು ಕುರ್ಚಿಯಿಂದ ಏಳಲು ಹೋದ. ಏಳುವ ಅಗತ್ಯ ಬೀಳಲಿಲ್ಲ. ಯಾವ ಪುಣ್ಯಾತ್ಮನೋ ಅವನ ಬೆನ್ನಿಗೂ ಒಂದು ಚೀಟಿ ಅಂಟಿಸಿದ್ದ. ತಾತ ಮತ್ತು ಇನ್ನೊಬ್ಬ ಕುರ್ಚಿಯ ಸಮೇತ ಅವನನ್ನು ಎತ್ತಿಕೊಂಡರು.

"ಇಳಿಸ್ರೋ ನನ್ನ."

"ಚೀಟಿ ಇದೆ ಮೇಸ್ತ್ರಿ. ಕೀಳೋ ಹಾಗಿಲ್ಲ," ಎಂದ ತಾತ, ನಿಜವಾದ ವಿಷಾದದಿಂದ.

ಹೋಗುವ ದಾರಿಯಲ್ಲಿ ಮೇಸ್ತ್ರಿ ಕೈ ಚಾಚಿ ಕಥಾನಾಯಕನ ಕೊರಳಪಟ್ಟಿ ಹಿಡಿದ. ಹೊತ್ತವರು ನಿಲ್ಲಲಿಲ್ಲ. ಅಂಗಿ ಮೇಸ್ತ್ರಿಯ ಜೊತೆ ಹೊರಟಿತು; ಕಥಾನಾಯಕ ಇದ್ದಲ್ಲೇ ಉಳಿದ. ಎರಡು ವರ್ಷ ಕಾಪಾಡಿಕೊಂಡು ಬಂದ ಮಾನ ಬಾವುಟದ ಹಾಗೆ ಮೇಲೆ ಹಾರಾಡುತ್ತಿತ್ತು.

ಸರಿಯಾಗಿ ಆಗಲೇ ಮೇಲಿನ ಕಚೇರಿಯ ಸುರಕ್ಷತಾ ಅಧಿಕಾರಿ ಒಳಗೆ ಬಂದರು. ಹಳದಿ ಹೆಲ್ಮೆಟ್ಟಿನ ಗಂಭೀರ ಹೆಂಗಸು. ಗಾಳಿಯಲ್ಲಿ ತೇಲುತ್ತಿದ್ದ ಮೇಸ್ತ್ರಿಯನ್ನು ಒಮ್ಮೆ, ನೆಲದ ಮೇಲಿದ್ದ ಎದೆಗೂಡನ್ನು ಒಮ್ಮೆ ನೋಡಿದರು.

"ಇವರು ಯಾರು?"

"ಏಜೆನ್ಸಿಯೋರು ಕಳಿಸಿದ ಪೈಲ್ವಾನ್ರು, ಮೇಡಂ," ಎಂದ ಮೇಸ್ತ್ರಿ ಮೇಲಿನಿಂದ.

ಅವರು ಮೇಜಿನ ಮೇಲಿದ್ದ ಅರ್ಜಿ ತೆಗೆದು ಓದಿದರು. ದಪ್ಪಕ್ಷರ ನೋಡಿದರು. ಪಕ್ಕೆಲುಬು ನೋಡಿದರು. ಮತ್ತೆ ದಪ್ಪಕ್ಷರ ನೋಡಿದರು.

"ಕೆಲಸಕ್ಕೆ ಸೇರಿದ್ದು ಯಾವಾಗ?"

"ಇವತ್ತು ಬೆಳಿಗ್ಗೆ."

"ಬೆಳಿಗ್ಗೆ ಪೈಲ್ವಾನರಾಗಿದ್ದೋರು ಮಧ್ಯಾಹ್ನಕ್ಕೆ ಹೀಗಾದ್ರಾ?" ಅವರು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಇವರ ಕೈಲಿ ಒಂಟಿಯಾಗಿ ಏನೇನು ಎತ್ತಿಸಿದ್ರಿ?"

ಮೇಸ್ತ್ರಿ ಮೇಲಿನಿಂದಲೇ ಕೈಮುಗಿದ. ಕಥಾನಾಯಕನಿಗೆ ಅವನ ಮೇಲೆ ಕರುಣೆ ಉಕ್ಕಿ, "ಮೇಡಂ, ನಾನು ಮೊದಲಿಂದಲೂ..." ಎಂದು ಬಾಯಿ ತೆಗೆದ.

"ಮಾತಾಡಬೇಡಿ. ಶಕ್ತಿ ಉಳಿಸ್ಕೊಳ್ಳಿ," ಎಂದರು ಅಧಿಕಾರಿ.

ಅವನನ್ನು ಕೂರಿಸಿದರು, ನೀರು ಕೊಟ್ಟರು, ಫ್ಯಾನು ತಿರುಗಿಸಿದರು. ದಾಖಲೆಗೆ ಬೇಕು ಎಂದು ಎದುರಿನಿಂದ ಒಂದು ಫೋಟೋ ತೆಗೆದುಕೊಂಡರು. ಕಡತದೊಳಗಿನ ಫೋಟೋ ತಾನೆ, ಯಾರು ನೋಡುತ್ತಾರೆ ಎಂದು ಅವನೂ ಸುಮ್ಮನಾದ. "ಇವರು ಮೊದಲು ಹೇಗಿದ್ರು ಅಂತಾನೂ ಬೇಕು. ಮನೆಗೆ ಫೋನ್ ಮಾಡಿ ಫೋಟೋ ತರಿಸಿ," ಎಂದು ಮೇಸ್ತ್ರಿಗೆ ಹೇಳಿದ್ದು ಫ್ಯಾನಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ.

ಸಂಜೆ ಸೈರನ್ ಆಯಿತು. ಅಧಿಕಾರಿ ಅಂಗಿಯನ್ನು ತಾವೇ ತಂದುಕೊಟ್ಟು, ಆಗಷ್ಟೇ ಅಚ್ಚಾಗಿ ಬಂದ, ಕಂದು ಕಾಗದ ಸುತ್ತಿದ ಒಂದು ದಪ್ಪ ಸುರುಳಿಯನ್ನು ಅವನ ಮಡಿಲಲ್ಲಿಟ್ಟರು. "ಇನ್ನು ಮೇಲೆ ನೀವು ಭಾರ ಮುಟ್ಟಕೂಡದು. ಅರ್ಜೀಲಿ ನೀವು ಕೇಳಿದ ಕೆಲಸಾನೇ ಕೊಟ್ಟಿದೀನಿ, ಅಂಟಿಸೋದು. ನಾಳೆಯಿಂದ ಊರಲ್ಲಿರೋ ನಾನೂರು ಗೋದಾಮಿನ ಬಾಗಿಲಿಗೂ ಇದನ್ನ ಅಂಟಿಸ್ಕೊಂಡು ಬನ್ನಿ. ಕೆಲಸ ಖಾಯಂ."

ಖಾಯಂ. ಆ ಪದವನ್ನು ಅವನು ದಾರಿಯುದ್ದಕ್ಕೂ ಬಾಯಲ್ಲಿ ಸಕ್ಕರೆಯ ಹಾಗೆ ಚಪ್ಪರಿಸಿದ. ಜಿಮ್ಮಿನ ಖಾಲಿ ಚೌಕಟ್ಟಿನ ಮುಂದೆ ಬೇಕೆಂದೇ ನಿಧಾನವಾಗಿ ನಡೆದ. ಜೀವನದಲ್ಲಿ ಮೊದಲ ಸಲ ಅವನಿಗೆ ತಾನು ಗೆದ್ದೆ ಅನ್ನಿಸಿತು.

ಸುದ್ದಿ ಕೇಳಿ ಹೆಂಡತಿಯ ಕಣ್ಣು ತುಂಬಿ ಬಂತು. ಒಲೆಯ ಮೇಲೆ ಕುಕ್ಕರು ಇಟ್ಟು ಓಡಿ ಬಂದು ಪಕ್ಕದಲ್ಲಿ ಕೂತಳು. ಮೂಲೆಯಲ್ಲಿದ್ದ ಬಾಮೈದ ಮಾತ್ರ ಇಲ್ಲದ ವಿನಯದಿಂದ ಎದ್ದು ನಿಂತ.

"ಮಧ್ಯಾಹ್ನ ನಿಮ್ಮ ಗೋದಾಮಿಂದ ಫೋನ್ ಬಂದಿತ್ತು ಭಾವ. ಪೈಲ್ವಾನ್ರ ಫೋಟೋ ಕಳಿಸಿ ಅಂದ್ರು. ಕಳಿಸಿದೆ."

"ಯಾರ ಫೋಟೋ?"

"ಪೈಲ್ವಾನ್ರದ್ದು ಅಂದ್ರಲ್ಲ. ಮನೇಲಿ ಇನ್ನು ಯಾರಿದಾರೆ?"

ಕಥಾನಾಯಕ ಕಂದು ಕಾಗದ ಹರಿದ. ಆಳೆತ್ತರದ ಪೋಸ್ಟರು ಬಿಚ್ಚಿಕೊಂಡಿತು. ನೆತ್ತಿಯಲ್ಲಿ, 'ಒಬ್ಬರೇ ಎತ್ತಿದರೆ ಹೀಗಾಗುತ್ತೀರಿ'. ಎಡಗಡೆ, 'ಬೆಳಿಗ್ಗೆ': ಎಣ್ಣೆ ಹಚ್ಚಿಕೊಂಡ ಬಾಮೈದ. ಬಲಗಡೆ, 'ಮಧ್ಯಾಹ್ನ': ಒಂದೊಂದು ಪಕ್ಕೆಲುಬೂ ಬಿಡಿಬಿಡಿಯಾಗಿ ಎಣಿಸುವಷ್ಟು ಸ್ಪಷ್ಟವಾಗಿ, ಅವನು. ಅಂಥವು ನಾನೂರು.

ಹೆಂಡತಿ ಎರಡೂ ಕಡೆ ನೋಡಿ, "ಕೆಲಸ ಖಾಯಂ ತಾನೇ?" ಎಂದಷ್ಟೇ ಕೇಳಿದಳು.

ಬಾಮೈದ ಜೇಬಿನಿಂದ ಕತ್ತರಿ ತೆಗೆದ. "ಮೊದಲನೇದು ನಮ್ಮ ಜಿಮ್ಮಿಗೇ ಆಗಲಿ ಭಾವ. ಮಧ್ಯಕ್ಕೆ ಕತ್ತರಿಸಿ, ಬಲಗಡೇದನ್ನ ಎಡಕ್ಕೆ ಅಂಟಿಸಿದ್ರೆ ಸಾಕು. ಏನಂತೀರಿ?"

ಕಥಾನಾಯಕ ಎದ್ದು ನಿಂತ. ಇದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ, "ಇದು ಸರಿ ಅಲ್ಲ," ಎಂದ.

'ಅಲ್ಲ' ಎನ್ನುವ ಹೊತ್ತಿಗೆ ಸರಿಯಾಗಿ ಕುಕ್ಕರು ಕೂಗಿತು.

"ಭಾವ ಸರಿ ಅಂದ್ರು, ಅಕ್ಕ," ಎಂದ ಬಾಮೈದ, ಅಂಟಿನ ಡಬ್ಬಿ ಎತ್ತಿಕೊಳ್ಳುತ್ತಾ.

ಹತ್ತು ನಿಮಿಷದಲ್ಲಿ ಜಿಮ್ಮಿನ ಚೌಕಟ್ಟು ತುಂಬಿತು. ಅಂಟಿಸಿದವನು ಕಥಾನಾಯಕನೇ. ಒಂದು ಸುಕ್ಕು ಬೀಳಲಿಲ್ಲ, ಒಂದು ಗುಳ್ಳೆ ಏಳಲಿಲ್ಲ.