ಬಲಗೈಯ ವರದಿ

ಊರಿನ ಅರ್ಧ ಗಂಡಸರಿಗೆ ಅಂಗಿ ಹೊಲಿದುಕೊಟ್ಟ ದರ್ಜಿಗೆ, ತನ್ನ ಅಂಗಿಯ ಗುಂಡಿ ಹಾಕಿಸಿಕೊಳ್ಳಲು ಹೆಂಡತಿಯೆದುರು ಎದೆಯೊಡ್ಡಿ ನಿಲ್ಲುವ ಗತಿ ಬಂದಿತ್ತು. ಲಕ್ವ ಹೊಡೆದು ಐದು ತಿಂಗಳು. ಬಲಗೈ ಪೂರ್ತಿ ಸೋತಿರಲಿಲ್ಲ. ಮುನಿಸಿಕೊಂಡ ನೆಂಟನ ಹಾಗೆ, ಕರೆದರೆ ತಡವಾಗಿ ಅರ್ಧದಾರಿಯವರೆಗೆ ಬರುತ್ತಿತ್ತು.

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಮೇಡಂ ಆ ಮಣಿಕಟ್ಟಿಗೆ ಗಡಿಯಾರದಂಥ ಪಟ್ಟಿಯೊಂದನ್ನು ಕಟ್ಟಿದ್ದರು. ಕೈ ಅಲುಗಿದ್ದನ್ನೆಲ್ಲ ಅದು ಬರೆದಿಟ್ಟುಕೊಳ್ಳುತ್ತದಂತೆ. ಮನೆಯಲ್ಲಿ ಕೈ ಏನು ಮಾಡುತ್ತದೆಂದು ಅವರಿಗೆ ತಿಳಿಯಬೇಕಿತ್ತು. ವಾರದ ವರದಿ ಚೆನ್ನಾಗಿದ್ದರೆ ಕತ್ತರಿ ಹಿಡಿಯಲು ಅಪ್ಪಣೆ.

ಮೂರು ದಿನ ಕೈ ಮಡಿಲಲ್ಲೇ ಮಲಗಿತ್ತು. (ಊಟಕ್ಕೆ ಎಡಗೈ, ಉಳಿದದ್ದಕ್ಕೆಲ್ಲ ಹೆಂಡತಿ.) ನಾಲ್ಕನೆಯ ದಿನ ದರ್ಜಿಗೆ ಜ್ಞಾನೋದಯವಾಯಿತು. ಸ್ನಾನಕ್ಕೆ ಹೊರಟವನು ಪಟ್ಟಿ ಬಿಚ್ಚಿ ಹೆಂಡತಿಯ ಬಲಗೈಗೆ ಕಟ್ಟಿ, "ಸ್ವಲ್ಪ ಹೊತ್ತು ಇಟ್ಕೊಂಡಿರು ಕಣೇ, ಒದ್ದೆಯಾಗುತ್ತೆ" ಅಂದ. ಪಾತ್ರೆ ತೊಳೆಯುತ್ತಿದ್ದ ಅವಳು ನೀರು ಸೋರುವ ಕೈಯನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿ ಮತ್ತೆ ಪಾತ್ರೆಗೆ ಕೈಹಾಕಿದಳು. ವಾರ ಮುಗಿಯುವವರೆಗೂ ಆ ಸ್ನಾನ ಮುಗಿಯಲಿಲ್ಲ.

ವರದಿಯ ದಿನ ಹೆಂಡತಿಯ ಜೊತೆ ಬಂದು ಕೂತ ದರ್ಜಿಯತ್ತ ಮೇಡಂ ಕಂಪ್ಯೂಟರಿನ ತೆರೆಯನ್ನು ತಿರುಗಿಸಿದರು. ಮುಖದಲ್ಲಿ ನಗುವಿಲ್ಲ. "ನಿಮಗೆ ಗುಣವಾಗಿದೆ, ನಾಳೆಯಿಂದ ಬರೋದು ಬೇಡ. ನಿಮ್ಮ ಜಾಗ ಬೇರೆಯವರಿಗೆ ಕೊಡ್ತೀನಿ. ಆದರೆ ಈ ಕೈಗೆ ವಿಶ್ರಾಂತಿ ಬೇಕು" ಎಂದು ತೆರೆಯ ಮೇಲಿನ ಗೆರೆಯನ್ನು ತೋರಿಸಿ, ಕತ್ತರಿಯನ್ನು ಮುಂದಿಟ್ಟರು.

ಹೆಬ್ಬೆರಳು ಕತ್ತರಿಯ ಕಣ್ಣಿನೊಳಗೆ ಹೋಗಲೇ ಇಲ್ಲ. ಅವನು ತೆರೆಯನ್ನು ನೋಡಿದ. ನಾಲ್ಕನೆಯ ದಿನದಿಂದಾಚೆ, ಬೆಳಗಿನ ಐದರಿಂದ ರಾತ್ರಿಯವರೆಗೆ, ಎಲ್ಲೂ ಹೊಲಿಗೆ ತಪ್ಪದೆ ಓಡಿದ ಗೆರೆ. ಊರವರ ಮೈಯೆಲ್ಲ ಅಳೆದಿದ್ದ ತಾನು, ಮೂವತ್ತು ವರ್ಷ ಎದುರಿಗೇ ಇದ್ದ ಈ ಕೈಯ ಅಳತೆಯನ್ನು ಒಮ್ಮೆಯೂ ತೆಗೆದಿರಲಿಲ್ಲ.

"ಇದು ಇವಳ ಕೈ ಮೇಡಂ" ಅಂದ, ತಲೆ ತಗ್ಗಿಸಿ. "ನಂದು ಮಡಿಲಲ್ಲೇ ಇತ್ತು."

"ಇವರ ಜಾಗ ಮಾತ್ರ ತೆಗೀಬೇಡಿ" ಅಂದಳು ಹೆಂಡತಿ. "ಗೊತ್ತಿದ್ದೇ ಕಟ್ಟಿಸ್ಕೊಂಡೆ ನಾನು. ಯಾರಾದ್ರೂ ಒಬ್ಬರು ಬರೆದಿಟ್ಕೊಳ್ಳಲಿ ಅಂತ."

ಮೇಡಂ ಜಾಗ ತೆಗೆಯಲಿಲ್ಲ. ಪಟ್ಟಿಯನ್ನು ಅವನಿಗೇ ಮತ್ತೆ ಕಟ್ಟಿ, ಬಲಗೈಯಲ್ಲಿ ದಿನಕ್ಕೆರಡು ಸಲ ತಟ್ಟೆ ಒರೆಸಬೇಕೆಂದು ಚೀಟಿ ಬರೆದರು.

ಆ ಸಂಜೆ ಮೊದಲ ತಟ್ಟೆಯೇ ಜಾರಿ, ಅಡುಗೆಮನೆಯೆಲ್ಲ ಸದ್ದು ಮಾಡುತ್ತ ಉರುಳಿತು. ಎಂದಿನಂತೆ ಅವಳು ಬಗ್ಗಿ ಎತ್ತುವಳೆಂದು ದರ್ಜಿ ಕಾದ. ಅವಳು ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದಳು.

"ಮೇಡಂ ಹೇಳಿದ್ದಾರಲ್ಲ ರೀ" ಅಂದಳು. "ಈ ಕೈಗೆ ವಿಶ್ರಾಂತಿ ಬೇಕಂತೆ."