ಹೆಬ್ಬೆರಳಿನ ಇಂಗ್ಲಿಷ್ ನೋವು

ಕನ್ನಡದಲ್ಲಿ ಜ್ವರ ಬರುತ್ತದೆ, ಹೋಗುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಶಾಲೆಯ ರಜಾ ಅರ್ಜಿಯಲ್ಲೇ ನಾವು ‘ಸಫರಿಂಗ್ ಫ್ರಮ್ ಫೀವರ್’ ಎಂದು ಬರೆದವರು. ಒಂದು ದಿನದ ಜ್ವರಕ್ಕೂ ಅಲ್ಲಿ ನರಳಲೇಬೇಕು. ನೋವಿನ ವಿಷಯದಲ್ಲಿ ಇಂಗ್ಲಿಷಿನಷ್ಟು ಧಾರಾಳ ಭಾಷೆ ಇನ್ನೊಂದಿಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು.

ಇಚಿಲಂಪಾಡಿಯಲ್ಲಿ ನನ್ನ ಹೆಂಡತಿಯ ತಮ್ಮ ಗಿರೀಶನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ನಮ್ಮಲ್ಲಿ ಹಿಂದಿನ ಸಂಜೆಯೇ ನೆಂಟರೆಲ್ಲ ಸೇರಿ ಊಟಕ್ಕೆ ತರಕಾರಿ ಹೆಚ್ಚಬೇಕು. ನನಗೆ ಹೆಚ್ಚುವುದು ಬೇಡ, ಮರುದಿನದ ಹಲಸಿನ ಹಣ್ಣಿನ ಪಾಯಸ ಮಾತ್ರ ಬೇಕು. ಅದೃಷ್ಟಕ್ಕೆ ಹೆಚ್ಚುವ ದಿನ ಬೆಳಿಗ್ಗೆಯೇ ಹೊಸ್ತಿಲಿಗೆ ಎಡವಿ ಕಾಲಿನ ಹೆಬ್ಬೆರಳು ತುಸು ತರಚಿತ್ತು.

“ತರಕಾರಿ ಕಾಲಲ್ಲಿ ಹೆಚ್ಚುದಾ ಮಾರಾಯ್ರೆ?” ಎಂದಳು ಹೆಂಡತಿ ಸುಮನಾ.

ಕನ್ನಡದಲ್ಲಿ ಬರೆದರೆ ಗಿರೀಶನೂ ಅದನ್ನೇ ಕೇಳುತ್ತಾನೆ. ಆದ್ದರಿಂದ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಇಂಗ್ಲಿಷಿನಲ್ಲೇ ಬರೆದೆ: ‘ಎಕ್ಸ್‌ಕ್ರೂಸಿಯೇಟಿಂಗ್ ಪೇನ್’. ಸಪ್ಪೆ ಅನ್ನಿಸಿತು. ‘ಅನ್‌ಬೇರಬಲ್ ಆ್ಯಗನಿ’ ಸೇರಿಸಿದೆ. ಬೆರಳೆಂದು ಮಾತ್ರ ಬರೆಯಲಿಲ್ಲ. ‘ಲೋವರ್ ಲಿಂಬ್’ ಎಂದು ಇಡೀ ಕಾಲನ್ನೇ ಸೇರಿಸಿದೆ. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ತರಕಾರಿ ತಪ್ಪಿತು.

ಮರುದಿನ ಮಧ್ಯಾಹ್ನ, ನಂಬಿಕೆ ಬರಲೆಂದು ಪಾದ ಪೂರ್ತಿ ಬ್ಯಾಂಡೇಜು ಸುತ್ತಿಕೊಂಡು, ಕುಂಟುತ್ತಾ ಹೋಗಿ ಎಲೆಯ ಮುಂದೆ ಕುಳಿತೆ. ಬದನೆ ಪಲ್ಯದವನು ನನ್ನನ್ನು ದಾಟಿ ಹೋದ. ಎಳೆ ಹಲಸಿನ ಗುಜ್ಜೆ ಹುಳಿಯವನೂ ದಾಟಿದ.

“ಅಳಿಯಂದ್ರಿಗೆ ಅದು ಹಾಕ್ಬೇಡಿ, ನಂಜು,” ಎಂದು ನನ್ನ ಅತ್ತೆ ಹಿಂದಿನಿಂದ ಹೇಳುತ್ತಿದ್ದರು. ಗಾಯವಿದ್ದವರು ಬದನೆ, ಹಲಸು ತಿಂದರೆ ಕೀವು ಕಟ್ಟುತ್ತದೆ ಎಂಬುದು ಅವರ ಶಾಸ್ತ್ರ. ಪಾಯಸವೂ ಹಲಸಿನದೇ ಎಂಬುದು ನನಗೆ ಆಗ ಹೊಳೆಯಿತು.

“ನನಗೀಗ ನೋವೇ ಇಲ್ಲ ಅತ್ತೆ.”

“ಪಾಪ, ನೋವು ನುಂಗಿಕೊಂಡು ಹೇಳುದು ನೀವು. ಪ್ರಾಣ ಹೋಗುವಂಥ ನೋವು ಉಂಟು ಅಂತ ಗಿರೀಶ ಓದಿ ಹೇಳಿದ್ದಾನೆ.”

“ನೀನಾದರೂ ನಿಜ ಹೇಳು,” ಎಂದು ಪಕ್ಕದ ಎಲೆಯಲ್ಲಿದ್ದ ಸುಮನಾಳನ್ನು ಗೋಗರೆದೆ.

“ಎಂತ ಹೇಳುದು? ಇವರಿಗೆ ನೋವಲ್ಲ, ಸೋಮಾರಿತನ ಅಂತವಾ?” ಎಂದವಳು ಆಗಷ್ಟೇ ಬಂದ ಪಾಯಸವನ್ನು ಎರಡು ಸೌಟು ಹಾಕಿಸಿಕೊಂಡಳು.

ಪಾಯಸದ ಬಾಲ್ದಿ ನನ್ನ ಎಲೆಯನ್ನು ದಾಟಿ ಹೋದಾಗ ಆದದ್ದಿದೆಯಲ್ಲ, ಅದು ನಿಜವಾದ ಎಕ್ಸ್‌ಕ್ರೂಸಿಯೇಟಿಂಗ್. ಆದರೆ ಇದ್ದ ಇಂಗ್ಲಿಷನ್ನೆಲ್ಲ ಹೆಬ್ಬೆರಳಿಗೇ ಸುರಿದು ಮುಗಿಸಿದ್ದೆ. “ಸ್ವಲ್ಪ ಮಜ್ಜಿಗೆ” ಎಂದೆ. ಅದು ನಂಜಲ್ಲವಂತೆ. ಧಾರಾಳವಾಗಿ ಬಡಿಸಿದರು.